ದೋಮಿಯೆಯ ‘ಬಟ್ಟೆ ಒಗೆಯುವವಳು’: ಆ ತಾಯಿಗೆ ಮುಖ ಏಕಿಲ್ಲ?

ಶರಾವತಿ (ಮೂಲ ಬರಹ):
ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಓದುಗರ ಬಳಗದಲ್ಲಿ ತಿಂಗಳಿಗೊಮ್ಮೆ ಒಂದು ವರ್ಣಚಿತ್ರದ ಮುದ್ರಿತ ಪ್ರತಿಯನ್ನು ಗೋಡೆಗೆ ಅಂಟಿಸಿ, ಅದರ ಮುಂದೆ ಕುಳಿತು ಮಾತನಾಡುವ ರೂಢಿಯಿದೆ. ಈ ತಿಂಗಳು ಫ್ರಾನ್ಸಿನ ಒನೊರೆ ದೋಮಿಯೆ 1863ರ ಸುಮಾರಿಗೆ ಬಿಡಿಸಿದ ‘ಬಟ್ಟೆ ಒಗೆಯುವವಳು’ ಚಿತ್ರವನ್ನು ಆರಿಸಿಕೊಂಡಿದ್ದೆ. ದಪ್ಪ ಮೈಕಟ್ಟಿನ ಹೆಂಗಸೊಬ್ಬಳು ಕಂಕುಳಲ್ಲಿ ಬಟ್ಟೆಯ ಗಂಟನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪುಟ್ಟ ಮಗುವನ್ನು ಹಿಡಿದುಕೊಂಡು, ನದಿಯ ದಂಡೆಯಿಂದ ಕಲ್ಲಿನ ಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದಾಳೆ. ಹಿಂದೆ ಆಚೆ ದಡದ ಮನೆಗಳ ಮೇಲೆ ಬಿಸಿಲು ಬಿದ್ದಿದೆ, ಇವಳು ಮಾತ್ರ ನೆರಳಿನಲ್ಲಿದ್ದಾಳೆ.

ಬಳಗದ ಹಿರಿಯರೊಬ್ಬರು ಚಿತ್ರವನ್ನು ಬಹಳ ಹೊತ್ತು ನೋಡಿ, “ಇವಳಿಗೆ ಕಣ್ಣು, ಮೂಗು ಯಾಕಮ್ಮ ಬರೆದಿಲ್ಲ?” ಎಂದು ಕೇಳಿದರು. ಮಂತ್ರಿಗಳ, ವಕೀಲರ ಮೂಗಿನ ತುದಿಯನ್ನೂ ಬಿಡದೆ ಗೀಚಿದ ವ್ಯಂಗ್ಯಚಿತ್ರಕಾರ ಬಡ ತಾಯಿಯ ಮುಖವನ್ನು ಮಸಿ ಬಳಿದಂತೆ ಬಿಟ್ಟದ್ದು ಏಕೆ ಎಂಬ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅದು ಮನಸ್ಸಿನಲ್ಲೇ ಕೊರೆಯುತ್ತಿದೆ. ಆ ಕಾಲದ ಫ್ರೆಂಚ್ ವಾಸ್ತವವಾದಿಗಳು, ಅಂದರೆ ಬದುಕನ್ನು ಇದ್ದಂತೆಯೇ ಬಿಡಿಸಹೊರಟ ಕಲಾವಿದರು, ಬಡ ತಾಯಂದಿರನ್ನು ಅಷ್ಟೊಂದು ಬಿಡಿಸಿದ್ದು ಅವರ ಮೇಲಿನ ಗೌರವದಿಂದಲೋ, ಚಿತ್ರ ಕೊಳ್ಳುವ ಉಳ್ಳವರ ಮನಸ್ಸನ್ನು ಕರಗಿಸಲೆಂದೋ? ತಿಳಿದವರು ಬರೆಯಿರಿ.

ಗೆರೆಗಾರ:
ಶರಾವತಿಯವರೆ, ಒಳ್ಳೆಯ ಪ್ರಶ್ನೆ. ನಾನು ಮೂವತ್ತು ವರ್ಷ ಚಿತ್ರಕಲೆ ಕಲಿಸಿದವನು, ನನಗೆ ತೋಚಿದ್ದನ್ನು ಹೇಳುತ್ತೇನೆ. ದೋಮಿಯೆ ತನ್ನ ಜೀವಮಾನದಲ್ಲಿ ಸುಮಾರು 4000 ಕಲ್ಲಚ್ಚಿನ ಚಿತ್ರಗಳನ್ನು ಮಾಡಿದವನು. ಪತ್ರಿಕೆಯ ಆ ಚಿತ್ರಗಳಲ್ಲಿ ಮುಖವೇ ಮುಖ್ಯ, ಏಕೆಂದರೆ ಓದುಗ ಆ ಮನುಷ್ಯ ಯಾರೆಂದು ಗುರುತಿಸಬೇಕು. ತೈಲಚಿತ್ರಕ್ಕೆ ಬಂದಾಗ ಅವನು ಮೈಯ ಭಾರವನ್ನು ಬಿಡಿಸಿದ. ಬಾಗಿದ ಬೆನ್ನು, ಗಂಟನ್ನು ತಾಳುವ ಸೊಂಟ, ಮೆಟ್ಟಿಲಿಗೆ ಊರಿದ ಕಾಲು, ಇವುಗಳಲ್ಲೇ ಅವಳ ಬದುಕೆಲ್ಲ ಇರುವಾಗ ಮುಖದ ವಿವರ ನೋಟವನ್ನು ಬೇರೆಡೆಗೆ ಎಳೆಯುತ್ತಿತ್ತು. ಅವಳು ಒಬ್ಬ ವ್ಯಕ್ತಿಯಲ್ಲ, ಆ ದಂಡೆಯ ಸಾವಿರಾರು ಹೆಂಗಸರ ಪ್ರತಿನಿಧಿ. ಅದರಲ್ಲಿ ಅಗೌರವ ನನಗೆ ಕಾಣುವುದಿಲ್ಲ.

ಕೃಷ್ಣಾತೀರ:
ಗೆರೆಗಾರರೆ, ನನ್ನ ತಕರಾರು ಅಲ್ಲಿಯೇ ಇರುವುದು. ಉಳ್ಳವನ ಚಿತ್ರ ಬಿಡಿಸಿದರೆ ಅದು ಅವನ ಭಾವಚಿತ್ರವಾಗುತ್ತದೆ, ಬಡವಳನ್ನು ಬಿಡಿಸಿದರೆ ಅವಳು ‘ಪ್ರತಿನಿಧಿ’ಯಾಗುತ್ತಾಳೆ. ಅವಳಿಗೆ ತನ್ನದೇ ಒಂದು ಮುಖ ಇರಬಾರದೆ?

ಗೆರೆಗಾರ:
ಇರಬೇಕು, ದೋಮಿಯೆ ಕೊಟ್ಟೂ ಇದ್ದಾನೆ. ಹೆಚ್ಚುಕಡಿಮೆ ಅದೇ ವರ್ಷಗಳ ‘ಮೂರನೆಯ ದರ್ಜೆಯ ಬೋಗಿ’ಯನ್ನು ನೋಡಿ. ಬುಟ್ಟಿಯ ಮೇಲೆ ಎರಡೂ ಕೈ ಇಟ್ಟು ಕುಳಿತ ಅಜ್ಜಿಯ ಮುಖವನ್ನು ಒಮ್ಮೆ ನೋಡಿದವರು ಮರೆಯಲಾರರು. ಅವಳ ಒಂದು ಪಕ್ಕದಲ್ಲಿ ಎಳೆಗೂಸಿಗೆ ಹಾಲೂಡಿಸುತ್ತಿರುವ ತಾಯಿ, ಇನ್ನೊಂದು ಪಕ್ಕದಲ್ಲಿ ನಿದ್ದೆ ಹೋದ ಹುಡುಗ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಪ್ರತಿ ಅಪೂರ್ಣವಾದದ್ದು, ಅದರ ಮೇಲೆ ಅಳತೆಗೆಂದು ಎಳೆದ ಚೌಕಗಳು ಇನ್ನೂ ಕಾಣುತ್ತವೆ. ಬಡವರ ಮುಖ ಬರೆಯಲು ಬಾರದವನು ಅವನಲ್ಲ. ಇಲ್ಲಿ ಬೇಕೆಂದೇ ಬರೆಯಲಿಲ್ಲ.

ಸೇನ್ ದಂಡೆ:
ನಾನು ಮೂಲತಃ ಹಾಸನದ ಕಡೆಯವಳು, ಕೆಲಸದ ನಿಮಿತ್ತ ಪ್ಯಾರಿಸ್ಸಿನಲ್ಲಿ ನೆಲೆಸಿದ್ದೇನೆ. ಓರ್ಸೆ ಮ್ಯೂಸಿಯಮ್ಮಿನಲ್ಲಿ ಈ ಚಿತ್ರದ ಮುಂದೆ ಹಲವು ಬಾರಿ ನಿಂತಿದ್ದೇನೆ. ಪುಸ್ತಕದಲ್ಲಿ ನೋಡಿದವರು ಇದನ್ನು ದೊಡ್ಡ ಚಿತ್ರವೆಂದು ಭಾವಿಸುತ್ತಾರೆ, ಆದರೆ ಅದು ಸುಮಾರು 49 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲದ ಮರದ ಹಲಗೆ, ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರಿನಷ್ಟು. ಅಷ್ಟರೊಳಗೆ ಆ ಹೆಂಗಸು ಗುಡ್ಡದಂತೆ ನಿಂತಿದ್ದಾಳೆ.

ದೋಮಿಯೆ ಸೇನ್ ನದಿಯ ನಡುವಿನ ಸೇಂ-ಲೂಯಿ ದ್ವೀಪದಲ್ಲಿ, ಆಂಜೂ ದಂಡೆಯ ಮೇಲಿನ ಮನೆಯಲ್ಲಿ ವಾಸವಾಗಿದ್ದ. ಆ ದಿನಗಳಲ್ಲಿ ಬಟ್ಟೆ ಒಗೆಯಲೆಂದೇ ಮಾಡಿದ ಚಪ್ಪಟೆ ದೋಣಿಗಳನ್ನು ನದಿಯಲ್ಲಿ ಕಟ್ಟಿ ನಿಲ್ಲಿಸಿರುತ್ತಿದ್ದರು. ಒಗೆದ ಬಟ್ಟೆ ನೀರು ಕುಡಿದು ಎಷ್ಟು ತೂಗುತ್ತದೆ ಎಂಬುದು ಕೊಡದ ನೀರು ಹೊತ್ತವರಿಗೆ ಗೊತ್ತು. ಆ ಗಂಟನ್ನು ಹೊತ್ತು ಹೆಂಗಸರು ಮೆಟ್ಟಿಲು ಹತ್ತುವುದನ್ನು ಅವನು ದಿನವೂ ಕಂಡವನು. ದಂಡೆಯ ಕಲ್ಲುಮೆಟ್ಟಿಲುಗಳು ಇಂದಿಗೂ ಇವೆ, ಕಡಿದಾದವು. ಬರಿಗೈಯಲ್ಲಿ ಹತ್ತಿದರೂ ಏದುಸಿರು ಬರುತ್ತದೆ.

ಈಗ ಮುಖದ ವಿಷಯ. ಅವಳ ತಲೆ ಯಾವ ಕಡೆ ಬಾಗಿದೆ ಎಂದು ಗಮನಿಸಿ. ಅವಳು ನಮ್ಮನ್ನು ನೋಡುತ್ತಿಲ್ಲ, ಮಗುವಿನ ಕಡೆಗೆ ತಿರುಗಿದ್ದಾಳೆ. ಆ ಮೆಟ್ಟಿಲು ಮಗುವಿಗೆ ಬಲು ಎತ್ತರ, ಅದರ ಹೆಜ್ಜೆ ಮೇಲೇರುವ ತನಕ ಅವಳು ತಡೆದಿದ್ದಾಳೆ. ಆ ಮುಖ ನಮಗೆ ಕಾಣದಿದ್ದರೂ ಮಗುವಿಗೆ ಕಾಣುತ್ತಿದೆ ಎಂದು ನನಗೆ ಅನಿಸುತ್ತದೆ. ಮಗುವಿನ ಕೈಯಲ್ಲಿ ಏನಿದೆ ಎಂದು ಯಾರಾದರೂ ನೋಡಿದಿರಾ? ಅದು ಬಟ್ಟೆ ಬಡಿಯುವ ಮರದ ಹಲಗೆ.

ಶರಾವತಿ:
ಮೈ ಜುಮ್ಮೆಂದಿತು. ನಮ್ಮ ಮುದ್ರಿತ ಪ್ರತಿಯಲ್ಲಿ ಅದನ್ನು ನಾವೆಲ್ಲ ಆಟದ ಸಾಮಾನು ಎಂದುಕೊಂಡಿದ್ದೆವು.

ಮಲೆನಾಡಿಗ:
ಮೂಲ ಬರಹದಲ್ಲಿ ‘ಅಗಸಗಿತ್ತಿ’ ಎನ್ನದೆ ‘ಬಟ್ಟೆ ಒಗೆಯುವವಳು’ ಎಂದು ಬರೆದದ್ದನ್ನು ನಾನು ಒಪ್ಪುತ್ತೇನೆ. ನಮ್ಮಲ್ಲಿ ಅದು ಜಾತಿಗೆ ಅಂಟಿದ ಕಸುಬು. ಪ್ಯಾರಿಸ್ಸಿನಲ್ಲಿ ಅದು ಹಳ್ಳಿಯಿಂದ ಬಂದ, ಗಂಡನ ಆಸರೆ ಇಲ್ಲದ, ಬೇರೆ ವಿದ್ಯೆ ಕಲಿಯದ ಯಾವ ಹೆಂಗಸಿಗೂ ಒದಗುವ ಕೂಲಿಯಾಗಿತ್ತು. ಪದ ಬದಲಾದರೆ ಚಿತ್ರದ ಅರ್ಥವೇ ಬದಲಾಗುತ್ತದೆ.

ಹಳೆಪುಟ:
ಈ ಚಿತ್ರವನ್ನು ಒಂಟಿಯಾಗಿ ನೋಡಿದರೆ ಅರ್ಧ ಮಾತ್ರ ದಕ್ಕುತ್ತದೆ ಎಂದು ನನ್ನ ನಂಬಿಕೆ. 1848ರ ಫೆಬ್ರವರಿಯಲ್ಲಿ ಫ್ರಾನ್ಸಿನಲ್ಲಿ ದೊರೆತನ ಉರುಳಿ ಗಣರಾಜ್ಯ ಬಂದಾಗ, ಹೊಸ ಸರಕಾರ ‘ಗಣರಾಜ್ಯ’ವನ್ನು ಒಂದು ಆಕೃತಿಯಾಗಿ ಬಿಡಿಸಿಕೊಡುವಂತೆ ಕಲಾವಿದರಿಗೆ ಸ್ಪರ್ಧೆ ಏರ್ಪಡಿಸಿತು. ದೋಮಿಯೆಯೂ ಒಂದು ಕರಡು ಕೊಟ್ಟ. ಗಟ್ಟಿಮುಟ್ಟಾದ ತಾಯಿಯೊಬ್ಬಳು ಸಿಂಹಾಸನದ ಮೇಲೆ ಕುಳಿತಿದ್ದಾಳೆ, ಕೈಯಲ್ಲಿ ಬಾವುಟವಿದೆ, ಬಲಿಷ್ಠವಾದ ಎರಡು ಮಕ್ಕಳು ಅವಳ ಎದೆಹಾಲು ಕುಡಿಯುತ್ತಿವೆ, ಮೂರನೆಯದು ಕಾಲಬುಡದಲ್ಲಿ ಕುಳಿತು ಓದುತ್ತಿದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದರೂ ಅವನು ಆ ಚಿತ್ರವನ್ನು ದೊಡ್ಡದಾಗಿ ಬಿಡಿಸಿ ಮುಗಿಸಲೇ ಇಲ್ಲ. ಆ ಕರಡು ಇಂದು ಓರ್ಸೆಯಲ್ಲೇ ಇದೆ.

ಅನ್ನ ಮತ್ತು ಅಕ್ಷರ ಎರಡನ್ನೂ ಕೊಡುವ ತಾಯಿ ಎಂಬುದು ಆ ಗಣರಾಜ್ಯದ ಮಾತಾಗಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ ನಿರುದ್ಯೋಗಿಗಳಿಗೆಂದು ತೆರೆದ ರಾಷ್ಟ್ರೀಯ ಕಾರ್ಯಾಗಾರಗಳನ್ನು ಮುಚ್ಚಲು ಹೊರಟಾಗ ಕೂಲಿಕಾರರು ಬೀದಿಗಿಳಿದರು, ಸೈನ್ಯ ಅವರನ್ನು ಹೊಸಕಿ ಹಾಕಿತು. ಮೂರೂವರೆ ವರ್ಷ ಕಳೆಯುವಷ್ಟರಲ್ಲಿ ಲೂಯಿ ನೆಪೋಲಿಯನ್ (ಮುಂದೆ ಚಕ್ರವರ್ತಿ ಮೂರನೆಯ ನೆಪೋಲಿಯನ್ ಆದವನು) ಅಧಿಕಾರವನ್ನೆಲ್ಲ ಕಿತ್ತುಕೊಂಡ. ಆ ಬಳಿಕ ದೋಮಿಯೆ ಬಿಡಿಸಿದ ತಾಯಿಯರು ಸಿಂಹಾಸನದ ಮೇಲೆ ಕೂರುವುದಿಲ್ಲ. ‘ಹೊರೆ’ ಎಂಬ ಚಿತ್ರದಲ್ಲಿ ಎದುರುಗಾಳಿಗೆ ಬಾಗಿ ನಡೆಯುತ್ತಾರೆ, ಇಲ್ಲಿ ಮೆಟ್ಟಿಲು ಹತ್ತುತ್ತಾರೆ. ಓದುತ್ತಿದ್ದ ಮಗುವಿನ ಕೈಯಲ್ಲಿ ಪುಸ್ತಕದ ಬದಲು ಬಟ್ಟೆ ಬಡಿಯುವ ಹಲಗೆ ಬಂದಿದೆ. ಸೇನ್ ದಂಡೆಯವರು ಹೇಳಿದ ಆ ಒಂದು ವಿವರದಿಂದ ನನಗೆ ಈ ಎರಡು ಚಿತ್ರಗಳು ಕೂಡಿಕೊಂಡವು.

ಮಲೆನಾಡಿಗ:
ಸರಕಾರಕ್ಕೂ ಅವನಿಗೂ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ ಎಂಬುದನ್ನು ಸೇರಿಸಬೇಕು. ದೊರೆ ಲೂಯಿ ಫಿಲಿಪ್ಪನನ್ನು ಪ್ರಜೆಗಳ ದುಡ್ಡು ನುಂಗುವ ದೈತ್ಯನಂತೆ ಬರೆದದ್ದಕ್ಕೆ 1832ರಲ್ಲಿ ಆರು ತಿಂಗಳ ಸೆರೆವಾಸ ಅನುಭವಿಸಿದವನು. ಆ ವ್ಯಂಗ್ಯಚಿತ್ರದ ಮೂಲೆಯಲ್ಲಿ, ತೆರಿಗೆ ಕೊಡಲು ಬಂದ ಬಡವರ ನಡುವೆ, ಕೂಸನ್ನು ಹಿಡಿದ ತಾಯಿಯೊಬ್ಬಳು ಕುಳಿತಿದ್ದಾಳೆ. ಅಂದರೆ ಈ ತಾಯಿ ಅವನ ಜೊತೆಗೆ ಮೂವತ್ತು ವರ್ಷ ನಡೆದು ಬಂದವಳು.

ಬೆಳವಲ:
ಎಲ್ಲರೂ ದೋಮಿಯೆಯಲ್ಲೇ ನಿಂತಿದ್ದೀರಿ, ಹಳ್ಳಿಯ ಬದುಕನ್ನು ಬಿಡಿಸಿದ ಜಾಂ ಫ್ರಾಂಸ್ವಾ ಮಿಲೆಯ ಮಾತು ಬೇಡವೇ? ಫ್ರಾನ್ಸಿನ ಲಿಲ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿ 1860ರ ಸುಮಾರಿನ ಅವನದೊಂದು ಚಿತ್ರವಿದೆ. ಮನೆಯ ಹೊಸ್ತಿಲ ಮೇಲೆ ಮೂರು ಮಕ್ಕಳು ಒತ್ತಾಗಿ ಕುಳಿತಿವೆ, ತಾಯಿ ಎದುರಿಗೆ ಬಾಗಿ ಕುಳಿತು ಮರದ ಚಮಚದಿಂದ ಒಂದಾದ ಮೇಲೊಂದಕ್ಕೆ ಉಣಿಸುತ್ತಿದ್ದಾಳೆ. ಅದರ ಫ್ರೆಂಚ್ ಹೆಸರು ‘ಲಾ ಬೆಕೆ’. ಇಂಗ್ಲಿಷ್ ಪುಸ್ತಕಗಳು ಅದನ್ನು ‘ಮರಿಗಳಿಗೆ ಉಣಿಸುವುದು’ ಎಂಬರ್ಥದಲ್ಲಿ ಸುತ್ತಿ ಬಳಸಿ ಹೇಳುತ್ತವೆ. ನಮ್ಮಲ್ಲಿ ಅದಕ್ಕೆ ಒಂದೇ ಮಾತು ಸಾಕು, ಅದು ಗುಟುಕು. ತಾಯಿಹಕ್ಕಿ ಮರಿಯ ಬಾಯಿಗೆ ಕೊಡುವುದಕ್ಕೆ ನಾವು ಗುಟುಕು ಎನ್ನುತ್ತೇವಲ್ಲ, ಅದೇ. ಮಿಲೆ ತಾನೇ ಒಂದು ಪತ್ರದಲ್ಲಿ, ಈ ತಾಯಿಯನ್ನು ನೋಡಿದವರಿಗೆ ಗೂಡಿನ ಮರಿಗಳು ನೆನಪಾಗಬೇಕು ಎಂಬ ಆಶಯವನ್ನು ಬರೆದಿದ್ದಾನೆ.

1861ರ ಇನ್ನೊಂದು ಚಿತ್ರ ಮಾರ್ಸೆಯಲ್ಲಿದೆ. ತೊಡೆಯ ಮೇಲೆ ಕೂಸು, ಕೈಯಲ್ಲಿ ಅಂಬಲಿಯ ಚಮಚ, ತಾಯಿ ಅದನ್ನು ಊದಿ ಆರಿಸುತ್ತಿದ್ದಾಳೆ. ತುಟಿ ಮುಂದೆ ಚಾಚಿ ಊದುವ ಆ ಮುಖದಲ್ಲಿ ಚೆಲುವಿಲ್ಲ. ಆಗಿನ ವಿಮರ್ಶಕರಿಗೆ ಮಿಲೆಯ ಹಳ್ಳಿಗರು ಒರಟಾಗಿ, ಕುರೂಪವಾಗಿ ಕಂಡರು. ಆದರೆ ಬಿಸಿ ಗಂಜಿಯನ್ನು ಊದಿ ಆರಿಸುವಾಗ ಯಾವ ತಾಯಿಯ ಮುಖವೂ ಹಾಗೆಯೇ ಇರುತ್ತದೆ. ಅದನ್ನು ಹಾಗೆಯೇ ಬಿಡಿಸುವ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಕೃಷ್ಣಾತೀರ:
ಗುಟುಕು ಎಂಬ ಮಾತು ನಿಜಕ್ಕೂ ಸೊಗಸಾಗಿದೆ. ಆದರೆ ಆ ಚಿತ್ರದ ಹಿಂಬದಿಯಲ್ಲಿ ತೋಟ ಅಗೆಯುತ್ತಿರುವ ಗಂಡಸು ಇದ್ದಾನೆ ಎಂಬುದನ್ನು ಬಿಟ್ಟಿರಿ. ತಾಯಿ ಉಣಿಸುತ್ತಾಳೆ, ತಂದೆ ದುಡಿದು ತರುತ್ತಾನೆ, ಮನೆಗೆ ಹೊಸ್ತಿಲಿದೆ, ಹೊಲವಿದೆ. ಇದು ಬಡತನವೇ ಆದರೂ ಅಚ್ಚುಕಟ್ಟಾದ ಬಡತನ. ದೋಮಿಯೆಯ ಹೆಂಗಸಿನ ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ಪಟ್ಟಣದ ಬಡ ತಾಯಿಗೂ ಹಳ್ಳಿಯ ಬಡ ತಾಯಿಗೂ ಇರುವ ಈ ವ್ಯತ್ಯಾಸವನ್ನು ನಾವು ಕಾಣದೆ ಹೋದರೆ ಚರ್ಚೆ ಬರೀ ಕಣ್ಣೀರಾಗುತ್ತದೆ.

ಬೆಳವಲ:
ತಂದೆಯನ್ನು ಬಿಟ್ಟದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಮಿಲೆಗೆ ಬಡತನ ಅಚ್ಚುಕಟ್ಟಾಗಿತ್ತು ಎಂಬುದನ್ನು ಒಪ್ಪಲಾರೆ. ಒಂಬತ್ತು ಮಕ್ಕಳ ತಂದೆ ಅವನು. ಪ್ಯಾರಿಸ್ ಬಳಿಯ ಬಾರ್ಬಿಜಾನ್ ಹಳ್ಳಿಯಲ್ಲಿ ಸಾಲ ಮಾಡಿಕೊಂಡು ಬದುಕುತ್ತಿದ್ದಾಗ, ದೂರದ ನಾರ್ಮಂಡಿಯ ಹಳ್ಳಿಯಲ್ಲಿ ಅವನನ್ನು ಸಾಕಿ ಬೆಳೆಸಿದ ಅಜ್ಜಿ 1851ರಲ್ಲಿ ತೀರಿಕೊಂಡಳು, 1853ರಲ್ಲಿ ತಾಯಿಯೂ ಹೋದಳು. ಮಗನ ದಾರಿ ಕಾಯುತ್ತಲೇ ಅವರಿಬ್ಬರೂ ಕಣ್ಣು ಮುಚ್ಚಿದರು, ಪ್ರಯಾಣಕ್ಕೆ ಅವನ ಕೈಯಲ್ಲಿ ದುಡ್ಡಿರಲಿಲ್ಲ. ಆಮೇಲೆ ಅವನು ‘ಕಾಯುವಿಕೆ’ ಎಂಬ ಚಿತ್ರ ಬಿಡಿಸಿದ. ದೂರ ಹೋದ ಮಗನಿಗಾಗಿ ತಂದೆತಾಯಿ ಕಾಯುವ, ಬೈಬಲ್ಲಿನ ತೋಬಿತನ ಕತೆ ಅದು. ಕುರುಡ ತಂದೆ ತಡವರಿಸುತ್ತಾ ಬಾಗಿಲಿಗೆ ಬರುತ್ತಿದ್ದಾನೆ, ಮುದಿ ತಾಯಿ ದಾರಿಯ ಕೊನೆಯತ್ತ ದಿಟ್ಟಿಸುತ್ತಿದ್ದಾಳೆ. ಅದು ಈಗ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿದೆ. ಬಡತನ ಮತ್ತು ತಾಯ್ತನ ಎಂದಾಗ ನಾವು ಕೂಸು ಹೊತ್ತ ಎಳೆಯ ತಾಯಿಯನ್ನೇ ನೆನೆಯುತ್ತೇವೆ, ಮಗನ ದಾರಿ ಕಾಯುವ ಮುದಿ ತಾಯಿಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಸೇನ್ ದಂಡೆ:
ಒಂದು ಸಂಗತಿ ಹೊಳೆಯಿತು. ಅಂಬಲಿ ಉಣಿಸುವವಳು, ದಾರಿ ಕಾಯುವವಳು, ಇವೆರಡೂ 1861ರ ಸಲೋನ್ ಪ್ರದರ್ಶನದಲ್ಲಿದ್ದವು. ಬಟ್ಟೆ ಒಗೆಯುವವಳ ಒಂದು ಚಿತ್ರವನ್ನು ದೋಮಿಯೆಯೂ ಅದೇ ವರ್ಷ ಅಲ್ಲಿಯೇ ಇಟ್ಟಿದ್ದ. ಸರಕಾರ ನಡೆಸುವ ಆ ದೊಡ್ಡ ಪ್ರದರ್ಶನಕ್ಕೆ ರೇಷ್ಮೆ ಉಟ್ಟು ಬಂದವರು ಒಂದೇ ದಿನ ಈ ಮೂವರು ತಾಯಂದಿರನ್ನೂ ನೋಡಿರಬೇಕು.

ಹಳೆಪುಟ:
ಕೃಷ್ಣಾತೀರದವರು ಎತ್ತಿದ ‘ಹಿಂದೆ ಯಾರೂ ಇಲ್ಲ’ ಎಂಬ ಮಾತಿಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಈ ಚಿತ್ರಗಳಲ್ಲಿ ತಂದೆ ಕಾಣದಿರುವುದು ಆಕಸ್ಮಿಕವಲ್ಲ. ಒಂದನೆಯ ನೆಪೋಲಿಯನ್ ಕಾಲದ ನಾಗರಿಕ ಸಂಹಿತೆಯ 340ನೆಯ ವಿಧಿ, ಮದುವೆಯಾಗದ ತಾಯಿಯ ಮಗುವಿಗೆ ತಂದೆ ಯಾರೆಂದು ನ್ಯಾಯಾಲಯದಲ್ಲಿ ಹುಡುಕುವುದನ್ನೇ ನಿಷೇಧಿಸಿತ್ತು. ಮೋಸ ಹೋದ ಹೆಂಗಸು ಆ ಗಂಡಸಿನಿಂದ ಮಗುವಿನ ಖರ್ಚನ್ನು ತಂದೆತನದ ಹೆಸರಿನಲ್ಲಿ ಕೇಳುವಂತಿರಲಿಲ್ಲ. ಈ ವಿಧಿ ಸಡಿಲಗೊಂಡದ್ದು 1912ರಲ್ಲಿ. ಇನ್ನೊಂದೆಡೆ 1811ರ ರಾಜಾಜ್ಞೆ ಅನಾಥಾಲಯಗಳ ಗೋಡೆಯಲ್ಲಿ ತಿರುಗುವ ಪೆಟ್ಟಿಗೆ ಇಡಬೇಕೆಂದು ವಿಧಿಸಿತು. ತಾಯಿ ಹೊರಗಿನಿಂದ ಕೂಸನ್ನು ಅದರಲ್ಲಿಟ್ಟು ಗಂಟೆ ಬಾರಿಸಿದರೆ ಒಳಗಿನವರು ತಿರುಗಿಸಿ ಕೂಸನ್ನು ಎತ್ತಿಕೊಳ್ಳುತ್ತಿದ್ದರು, ಯಾರ ಮುಖವನ್ನೂ ಯಾರೂ ನೋಡಬೇಕಾಗಿರಲಿಲ್ಲ. ಖರ್ಚು ಹೆಚ್ಚಿತೆಂದು 1860ರ ದಶಕದ ಹೊತ್ತಿಗೆ ಬಹುತೇಕ ಎಲ್ಲ ಪೆಟ್ಟಿಗೆಗಳನ್ನೂ ಮುಚ್ಚಿಬಿಟ್ಟರು.

ಮಗುವನ್ನು ಬಿಡದೆ ಬೀದಿಗೆ ಬಂದ ತಾಯಿಯ ಪಾಡು ಏನು? 1810ರ ದಂಡ ಸಂಹಿತೆಯಲ್ಲಿ ಅಲೆಮಾರಿತನವೇ ಅಪರಾಧ. ನೆಲೆಯಿಲ್ಲ, ಹೊಟ್ಟೆಪಾಡಿಗೆ ದಾರಿಯಿಲ್ಲ, ಕಸುಬಿಲ್ಲ ಎಂದಾದರೆ ಮೂರರಿಂದ ಆರು ತಿಂಗಳ ಸೆರೆ. ಈ ಕಾನೂನನ್ನೇ ವಸ್ತುವಾಗಿಸಿಕೊಂಡ ಚಿತ್ರವೊಂದಿದೆ. ಆಲ್‌ಫ್ರೆಡ್ ಸ್ಟೀವನ್ಸ್ ಎಂಬ ಫ್ರೆಂಚ್ ಕಲಾವಿದ 1854ರಲ್ಲಿ ಬಿಡಿಸಿದ ‘ಅಲೆಮಾರಿತನವೆಂದು ಕರೆಯುವುದು ಇದನ್ನೇ’ ಎಂಬುದು ಅದರ ಹೆಸರು. ಹಿಮ ಬಿದ್ದ ಬೀದಿಯಲ್ಲಿ ಸೈನಿಕರು ಹರಕು ಬಟ್ಟೆಯ ತಾಯಿಯನ್ನು ನಡೆಸಿಕೊಂಡು ಹೋಗುತ್ತಿದ್ದಾರೆ, ಅವಳ ತೋಳಿನಲ್ಲಿ ಕೂಸು, ಮಗ್ಗುಲಲ್ಲಿ ಅಳುತ್ತಿರುವ ಹುಡುಗ. ಸಿರಿವಂತ ಹೆಂಗಸೊಬ್ಬಳು ಹಣದ ಚೀಲವನ್ನು ಚಾಚುತ್ತಿದ್ದಾಳೆ, ಸೈನಿಕ ಬೇಡವೆಂದು ಕೈ ಅಡ್ಡ ಹಿಡಿದಿದ್ದಾನೆ. ಹಿಂದಿನ ಬೂದುಬಣ್ಣದ ಗೋಡೆಯ ಮೇಲೆ ಜಮೀನು ಮಾರಾಟದ ಭಿತ್ತಿಪತ್ರವಿದೆ, ನೃತ್ಯಕೂಟದ ಭಿತ್ತಿಪತ್ರವಿದೆ.

ಗೆರೆಗಾರ:
ಒಂದು ತಿದ್ದುಪಡಿ. ಸ್ಟೀವನ್ಸ್ ಫ್ರೆಂಚ್ ಅಲ್ಲ, ಬ್ರಸೆಲ್ಸ್‌ನಲ್ಲಿ ಹುಟ್ಟಿದ ಬೆಲ್ಜಿಯಮ್ಮಿನವನು, ಪ್ಯಾರಿಸ್ಸಿನಲ್ಲಿ ಬಾಳಿದವನು. ಆ ಚಿತ್ರವನ್ನು ಕಂಡು ಚಕ್ರವರ್ತಿ ಮೂರನೆಯ ನೆಪೋಲಿಯನ್, ಇನ್ನು ಮುಂದೆ ಇಂತಹವರನ್ನು ಸೈನಿಕರು ಬೀದಿಯಲ್ಲಿ ನಡೆಸಿಕೊಂಡು ಹೋಗಬಾರದು, ಮುಚ್ಚಿದ ಗಾಡಿಯಲ್ಲಿ ಒಯ್ಯಬೇಕು ಎಂದು ಹೇಳಿದನೆಂಬ ಕತೆ ಪ್ರಚಲಿತವಾಗಿದೆ. ಆ ಕತೆಯನ್ನು ಚಿತ್ರದ ಗೆಲುವೆಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಾಯಿ ಸೆರೆಮನೆಗೆ ಹೋಗುವುದು ತಪ್ಪಲಿಲ್ಲ, ಜನರ ಕಣ್ಣಿಗೆ ಕಾಣುವುದು ಮಾತ್ರ ತಪ್ಪಿತು.

ಹಳೆಪುಟ:
ತಿದ್ದಿದ್ದಕ್ಕೆ ಧನ್ಯವಾದಗಳು. ನಿಮ್ಮ ಕೊನೆಯ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ.

ಬಣ್ಣದ ಬುಟ್ಟಿ:
ಆ ಚಿತ್ರ 1855ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿತ್ತು. ಅದೇ ವರ್ಷ ಗುಸ್ತಾವ್ ಕೂರ್ಬೆಯ ‘ಕಲಾವಿದನ ಕಾರ್ಯಶಾಲೆ’ಯನ್ನು ಆ ಪ್ರದರ್ಶನದವರು ತಿರಸ್ಕರಿಸಿದಾಗ, ಅವನು ಹತ್ತಿರದಲ್ಲೇ ತನ್ನ ಸ್ವಂತ ಮಂಟಪ ಕಟ್ಟಿಸಿ ‘ವಾಸ್ತವವಾದ’ ಎಂಬ ಹೆಸರಿನಲ್ಲಿ ಚಿತ್ರಗಳನ್ನು ಇಟ್ಟ. ಹೆಚ್ಚುಕಡಿಮೆ ಆರು ಮೀಟರ್ ಅಗಲದ ಆ ಚಿತ್ರದ ನಟ್ಟನಡುವೆ ಕೂರ್ಬೆ ತಾನು ಕುಳಿತು ನಿಸರ್ಗದೃಶ್ಯ ಬಿಡಿಸುತ್ತಿದ್ದಾನೆ. ಅವನ ಚಿತ್ರಫಲಕದ ಹಿಂದೆ, ನೆಲದ ಮೇಲೆ, ಹರಕು ಬಟ್ಟೆ ಹೊದ್ದ ಐರಿಷ್ ಹೆಂಗಸೊಬ್ಬಳು ಬರಿಗಾಲಿನಲ್ಲಿ ಮುದುರಿ ಕುಳಿತು ಕೂಸಿಗೆ ಹಾಲೂಡಿಸುತ್ತಿದ್ದಾಳೆ. ಐರ್ಲೆಂಡಿನಲ್ಲಿ 1845ರಿಂದ ಬಿದ್ದ ಕ್ಷಾಮದ ನೆನಪು ಆಗ ಹಸಿಯಾಗಿತ್ತು. ಲೇಖಕ ಗೆಳೆಯ ಶಾಂಫ್ಲೂರಿಗೆ ಬರೆದ ಪತ್ರದಲ್ಲಿ ಕೂರ್ಬೆ ಅಂತಹವಳನ್ನು ಲಂಡನ್ನಿನ ಬೀದಿಯಲ್ಲಿ ಕಂಡೆನೆಂದು ಹೇಳುತ್ತಾನೆ. ಆ ಚಿತ್ರದಲ್ಲಿ ಸುಮಾರು ಮೂವತ್ತು ಜನ ಇದ್ದಾರೆ, ಅವಳನ್ನು ಯಾರೊಬ್ಬರೂ ನೋಡುತ್ತಿಲ್ಲ. ಬಿಡಿಸುತ್ತಿರುವ ಕಲಾವಿದನೂ ಅವಳನ್ನು ನೋಡುತ್ತಿಲ್ಲ. ನನಗೆ ಕೂರ್ಬೆಯ ಪ್ರಾಮಾಣಿಕತೆ ಕಾಣುವುದು ಇದರಲ್ಲಿ.

ನೀಲಾಂಬರಿ:
ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಯಾರೂ ಬೇಸರಿಸಬಾರದು. ವಿಲಿಯಂ ಬೂಗರೋ 1865ರಲ್ಲಿ ಬಿಡಿಸಿದ ‘ಬಡ ಕುಟುಂಬ’ ನನಗೆ ಬಹಳ ಪ್ರಿಯವಾದದ್ದು. ಪ್ಯಾರಿಸ್ಸಿನ ಮಾದ್ಲೆನ್ ಚರ್ಚಿನ ಬಳಿ ತಾಯಿಯೊಬ್ಬಳು ಮೂರು ಮಕ್ಕಳೊಂದಿಗೆ ಭಿಕ್ಷೆಗೆ ಕುಳಿತಿದ್ದಾಳೆ. ಆ ಮೈಬಣ್ಣ, ಆ ಕಣ್ಣು, ಬಟ್ಟೆಯ ನೆರಿಗೆ, ಎಲ್ಲವೂ ಮುಟ್ಟಿ ನೋಡಬೇಕೆನಿಸುವಷ್ಟು ಚೆನ್ನ. ಬಡವಳಾದ ಮಾತ್ರಕ್ಕೆ ಚೆಲುವು ಇರಬಾರದೆಂಬ ನಿಯಮವೇನು? ಅವಳ ಮುಖವನ್ನಾದರೂ ಅವನು ನಮಗೆ ತೋರಿಸಿದ್ದಾನೆ.

ಗೆರೆಗಾರ:
ಬೂಗರೋ ವಾಸ್ತವವಾದಿಯಲ್ಲ, ಅಕಾಡೆಮಿ ಎಂಬ ಅಧಿಕೃತ ಕಲಾಸಂಸ್ಥೆಯ ಪರಂಪರೆಯವನು, ಅಷ್ಟನ್ನು ಮೊದಲು ಹೇಳಬೇಕು. ಅವನ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ತಾಯಿ ಮೇರಿಮಾತೆಯ ಮೂರ್ತಿಯ ಅಚ್ಚಿನಲ್ಲಿ ಎರಕ ಹೊಯ್ದವಳು. ಚರ್ಚಿನ ಒಳಗಿನ ತಾಯಿಯನ್ನು ಹೊರಗೆ ತಂದು ಕೂರಿಸಿದಂತಿದೆ. ನೋಡಿದವನಿಗೆ ಭಕ್ತಿ ಬರುತ್ತದೆ, ಕಿಸೆಯಿಂದ ಒಂದು ನಾಣ್ಯವೂ ಬರಬಹುದು. ಆದರೆ ಇವಳು ಇಲ್ಲಿಗೆ ಹೇಗೆ ಬಂದಳೆಂಬ ಪ್ರಶ್ನೆ ಏಳುವುದಿಲ್ಲ.

ನೀಲಾಂಬರಿ:
ಗೆರೆಗಾರರೆ, ಕಿಸೆಯಿಂದ ಬರುವ ಆ ನಾಣ್ಯ ಅವಳಿಗೆ ಆ ಹೊತ್ತಿನ ರೊಟ್ಟಿಯಾಗುತ್ತದೆ. ನನ್ನ ತಾಯಿ ಕೂಡ ನಾಲ್ಕು ಮನೆಯ ಪಾತ್ರೆ ತೊಳೆದು ನಮ್ಮನ್ನು ಸಾಕಿದವಳು. ಅವಳ ಹತ್ತಿರ ಇರುವುದು ಒಂದೇ ಫೋಟೊ, ಸ್ಟುಡಿಯೊದಲ್ಲಿ ಎರವಲು ಸೀರೆ ಉಟ್ಟು ತೆಗೆಸಿಕೊಂಡದ್ದು. ಅದರಲ್ಲಿ ಅವಳ ಕಷ್ಟ ಕಾಣುವುದಿಲ್ಲ, ಆದರೆ ತಾನು ಹಾಗೆ ಕಾಣಬೇಕೆಂದು ಅವಳೇ ಬಯಸಿದ್ದಳು. ಚಿತ್ರದೊಳಗಿನ ತಾಯಿಯನ್ನು ಕೇಳಿದ್ದರೆ ದೋಮಿಯೆಯ ಮಸಿಯ ಮುಖವನ್ನು ಆರಿಸುತ್ತಿದ್ದಳೋ ಬೂಗರೋ ಕೊಟ್ಟ ಮುಖವನ್ನು ಆರಿಸುತ್ತಿದ್ದಳೋ ಎಂದು ನಾವು ಒಂದು ಕ್ಷಣ ಯೋಚಿಸಬೇಕು.

ಗೆರೆಗಾರ:
ಇದಕ್ಕೆ ನಾನು ಥಟ್ಟನೆ ಉತ್ತರ ಕೊಡಲಾರೆ, ನೀಲಾಂಬರಿಯವರೆ. ಬೂಗರೋ ಕುರಿತ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನಿಮ್ಮ ತಾಯಿಯ ಫೋಟೊದ ಮಾತು ನನ್ನನ್ನು ತಡೆದು ನಿಲ್ಲಿಸಿದೆ.

ತೊಗರಿನಾಡು:
ಮಿಲೆಯ 1857ರ ‘ಹಕ್ಕಲು ಆಯುವವರು’ ಚಿತ್ರವನ್ನು ಯಾರೂ ಹೇಳಲಿಲ್ಲ. ನಮ್ಮ ಅಜ್ಜಿ ಕಂಡವರ ಹೊಲದಲ್ಲಿ ಶೇಂಗಾದ ಹಕ್ಕಲು ಆಯ್ದು ಐದು ಮಕ್ಕಳನ್ನು ಸಾಕಿದವಳು. ಫ್ರಾನ್ಸಿನಲ್ಲಿಯೂ ಅದಕ್ಕೆ ಕಟ್ಟುಪಾಡಿತ್ತಂತೆ, ಮಾಲೀಕ ಪೈರನ್ನೆಲ್ಲ ಸಾಗಿಸಿದ ಮೇಲೆಯೇ ಹೊಲಕ್ಕೆ ಕಾಲಿಡಬೇಕು, ಹೊತ್ತು ಮೂಡುವ ಮುಂಚೆ ಮತ್ತು ಮುಳುಗಿದ ಮೇಲೆ ಆಯುವಂತಿಲ್ಲ. ಅಜ್ಜಿ ಮುಂಗೈಯನ್ನು ಸೊಂಟದ ಹಿಂದೆ ಇಟ್ಟುಕೊಂಡು ಬಾಗುತ್ತಿದ್ದಳು. ಚಿತ್ರದಲ್ಲಿ ಒಬ್ಬಳ ಕೈ ಅದೇ ರೀತಿ ಬೆನ್ನ ಮೇಲಿರುವುದನ್ನು ಕಂಡು ನಾನು ಅತ್ತಿದ್ದೇನೆ.

ಮಲೆನಾಡಿಗ:
ಆ ಚಿತ್ರದಲ್ಲಿ ಮಕ್ಕಳಿಲ್ಲವಲ್ಲ, ನಮ್ಮ ವಿಷಯ ತಾಯ್ತನ.

ತೊಗರಿನಾಡು:
ಚಿತ್ರದಲ್ಲಿ ಮಕ್ಕಳಿಲ್ಲ, ನಿಜ. ಅವರು ಆಯ್ದದ್ದು ಯಾರ ಹೊಟ್ಟೆಗೆ?

ಸೂಲಗಿತ್ತಿಯ ಮೊಮ್ಮಗಳು:
ನಾನು ಹೆರಿಗೆ ವಾರ್ಡಿನಲ್ಲಿ ದಾದಿಯಾಗಿ ಕೆಲಸ ಮಾಡುವವಳು, ಆದ್ದರಿಂದ ಇಷ್ಟು ಹೊತ್ತಿನ ಚರ್ಚೆಯಲ್ಲಿ ಒಬ್ಬ ತಾಯಿ ಬಿಟ್ಟುಹೋಗಿದ್ದಾಳೆ ಎಂದು ನನಗೆ ಅನಿಸುತ್ತಿದೆ. ಅವಳು ಹಾಲು ಮಾರುವ ತಾಯಿ. ಹಳ್ಳಿಯ ಬಡ ಬಾಣಂತಿಯರು ತಮ್ಮ ಕೂಸನ್ನು ಬೇರೆಯವರ ಕೈಗೆ ಒಪ್ಪಿಸಿ ಪ್ಯಾರಿಸ್ಸಿಗೆ ಬಂದು, ಉಳ್ಳವರ ಕೂಸಿಗೆ ಎದೆಹಾಲು ಕೊಟ್ಟು ಸಂಬಳ ಪಡೆಯುತ್ತಿದ್ದರು. ದುಡಿಯುವ ಹೆಂಗಸರ ಕೂಸುಗಳನ್ನು ಹಳ್ಳಿಯ ದಾದಿಯರ ಬಳಿಗೆ ಕಳಿಸುವುದೂ ಇತ್ತು, ಹಾಗೆ ಹೋದ ಕೂಸುಗಳಲ್ಲಿ ಸಾವು ವಿಪರೀತವಾಗಿತ್ತು. 1874ರ ಡಿಸೆಂಬರಿನಲ್ಲಿ ವೈದ್ಯ ಥಿಯೊಫಿಲ್ ರೂಸೆಲ್ ಹೆಸರಿನ ಕಾಯಿದೆ ಬಂದು, ಸಂಬಳಕ್ಕೆ ಸಾಕಲು ಕೊಟ್ಟ ಎರಡು ವರ್ಷದೊಳಗಿನ ಮಕ್ಕಳನ್ನು ಸರಕಾರದ ಮೇಲ್ವಿಚಾರಣೆಗೆ ತಂದಿತು. ಅದರ ಒಂದು ಷರತ್ತು ಹೀಗಿದೆ: ಹಾಲೂಡಿಸುವ ಕೆಲಸಕ್ಕೆ ಸೇರುವವಳ ಸ್ವಂತ ಕೂಸಿಗೆ ಏಳು ತಿಂಗಳು ತುಂಬಿರಬೇಕು, ಇಲ್ಲವಾದರೆ ಆ ಕೂಸಿಗೆ ಬೇರೊಬ್ಬ ಹೆಂಗಸು ಹಾಲು ಕೊಡುತ್ತಿರಬೇಕು. ಒಬ್ಬಳ ಹಾಲು ಉಳ್ಳವರ ಮನೆಗೆ, ಅವಳ ಕೂಸಿಗೆ ಅವಳಿಗಿಂತಲೂ ಬಡವಳಾದ ಇನ್ನೊಬ್ಬಳ ಹಾಲು.

ಇವಳನ್ನು ಬಿಡಿಸಿದವರು ಯಾರು? ದೆಗಾ 1869ರ ಸುಮಾರಿಗೆ ಕುದುರೆ ಜೂಜಿನ ಬಯಲಿನಲ್ಲಿ ನಿಂತ ಗಾಡಿಯೊಳಗೆ ಹಾಲೂಡಿಸುವ ದಾದಿಯನ್ನು ಬಿಡಿಸಿದ. ಬೆರ್ತ್ ಮೊರಿಸೊ 1879ರಲ್ಲಿ ತನ್ನ ಮಗಳು ಜೂಲಿಗೆ ಹಾಲೂಡಿಸುತ್ತಿದ್ದ ದಾದಿಯನ್ನು ಬಿಡಿಸಿದಳು. ಇಬ್ಬರನ್ನೂ ವಾಸ್ತವವಾದಿಗಳ ಸಾಲಿಗೆ ಸೇರಿಸುವುದಿಲ್ಲ. ಮೊರಿಸೊ ಚಿತ್ರದಲ್ಲಿ ಹಾಲೂಡಿಸುತ್ತಿರುವವಳೂ ಕೂಲಿಗಾಗಿ ದುಡಿಯುತ್ತಿದ್ದಾಳೆ, ಬಿಡಿಸುತ್ತಿರುವ ತಾಯಿಯೂ ತನ್ನ ಕೆಲಸ ಮಾಡುತ್ತಿದ್ದಾಳೆ. ದಾದಿಯ ಸ್ವಂತ ಕೂಸು ಎಲ್ಲಿದೆ ಎಂಬುದು ಮಾತ್ರ ಚಿತ್ರದಲ್ಲಿಲ್ಲ. ನನ್ನ ಕೆಲಸದಲ್ಲಿ, ಹೆತ್ತು ಎರಡು ತಿಂಗಳಿಗೇ ಮನೆಗೆಲಸಕ್ಕೆ ಮರಳುವ ತಾಯಂದಿರು ಎದೆ ಕಟ್ಟಿಕೊಂಡ ನೋವಿನಿಂದ ಬರುತ್ತಾರೆ. ಆ ನೋವನ್ನು ನಾನು ಯಾವ ಚಿತ್ರದಲ್ಲಿಯೂ ಕಂಡಿಲ್ಲ.

ಕೃಷ್ಣಾತೀರ:
ಇಷ್ಟು ಹೊತ್ತಿನ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಬರಹ ಇದು. ಗಂಡಸರಾದ ನಾವು ಮುಖ, ಬೆಳಕು, ನೆರಳು ಎಂದು ವಾದಿಸುತ್ತಿದ್ದೆವು.

ಬಣ್ಣದ ಬುಟ್ಟಿ:
ಮುಖದ ಪ್ರಶ್ನೆಗೇ ಮರಳಿ ಒಂದು ಮಾತು. ದೋಮಿಯೆ ಮುಖವನ್ನು ಮರೆಸಿದ ಇಪ್ಪತ್ತು ವರ್ಷಗಳ ಬಳಿಕ ಫೆರ್ನಾಂ ಪೆಲೆ ಎಂಬವನು 1883ರಲ್ಲಿ ‘ನೆಲೆಯಿಲ್ಲದವರು’ ಎಂಬ ದೊಡ್ಡ ಚಿತ್ರವನ್ನು ಬಿಡಿಸಿದ, ಅದು ಪ್ಯಾರಿಸ್ಸಿನ ಪೆತಿ ಪಾಲೆ ಮ್ಯೂಸಿಯಮ್ಮಿನಲ್ಲಿದೆ. ಮನೆಯಿಂದ ಹೊರದಬ್ಬಿಸಿಕೊಂಡ ತಾಯಿ ಐದು ಮಕ್ಕಳೊಂದಿಗೆ ಬೀದಿಬದಿಯ ಗೋಡೆಗೆ ಒರಗಿ ಕುಳಿತಿದ್ದಾಳೆ. ಒಂದು ಕೂಸು ಎದೆಗೆ ಕಚ್ಚಿಕೊಂಡಿದೆ, ಬೇರೆ ಮಕ್ಕಳು ಒಂದರ ಮೇಲೊಂದು ಬಿದ್ದು ಮಲಗಿವೆ, ಹಿಂದಿನ ಗೋಡೆಯ ಮೇಲೆ ಹರಿದ ಭಿತ್ತಿಪತ್ರಗಳು. ಅವಳು ನೇರವಾಗಿ ಎದುರಿಗೆ ನೋಡುತ್ತಿದ್ದಾಳೆ. ಕೈ ಚಾಚಿಲ್ಲ, ಕಣ್ಣಲ್ಲಿ ನೀರಿಲ್ಲ, ಬೇಡಿಕೆಯೂ ಇಲ್ಲ. ಕೃಷ್ಣಾತೀರದವರು ಕೇಳಿದ ‘ತನ್ನದೇ ಮುಖ’ ಅಲ್ಲಿದೆ. ನೋಡುವವರು ಅದನ್ನು ತಾಳಿಕೊಳ್ಳುವುದು ಕಷ್ಟ.

ಸೇನ್ ದಂಡೆ:
ಆ ಚಿತ್ರದ ಮುಂದೆ ನಿಂತಾಗ ನಾನೇ ಮೊದಲು ಕಣ್ಣು ತಿರುಗಿಸಿಕೊಂಡೆ. ಆ ಆಕೃತಿಗಳು ನಿಜವಾದ ಮನುಷ್ಯರ ಅಳತೆಗೆ ಹತ್ತಿರವಿವೆ, ಬೀದಿಯಲ್ಲಿ ಎದುರಾದಂತೆಯೇ ಆಗುತ್ತದೆ.

ಶರಾವತಿ:
ಎಲ್ಲರ ಬರಹಗಳನ್ನೂ ಕಾಗದದ ಮೇಲೆ ಇಳಿಸಿಕೊಂಡು ನಿನ್ನೆ ಬಳಗದಲ್ಲಿ ಓದಿದೆ. ಆ ಹಿರಿಯರು, ಮುಖ ಮಗುವಿಗೆ ಕಾಣುತ್ತಿದೆ ಎಂಬ ಮಾತನ್ನು ಕೇಳಿ ಎದ್ದು ಹೋಗಿ ಚಿತ್ರದ ಹತ್ತಿರ ನಿಂತರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ. ಮಗುವಿನ ಕೈಯ ಹಲಗೆಯನ್ನು ಬೆರಳಿಂದ ಮುಟ್ಟಿ, “ಭಾರ ಇರತದ ಇದು, ಸಣ್ಣ ಕೈಗೆ” ಎಂದರು. ಮುಂದಿನ ತಿಂಗಳಿಗೆ ಮಿಲೆಯ ಗುಟುಕು ಮತ್ತು ಮೊರಿಸೊ ಬಿಡಿಸಿದ ದಾದಿ, ಎರಡನ್ನೂ ಅಕ್ಕಪಕ್ಕ ಅಂಟಿಸಬೇಕೆಂದಿದ್ದೇವೆ. ಒಳ್ಳೆಯ ಮುದ್ರಿತ ಪ್ರತಿ ಯಾರ ಬಳಿಯಾದರೂ ಇದ್ದರೆ ತಿಳಿಸಿ.

ಬೆಳವಲ:
ಗುಟುಕು ಚಿತ್ರದ ಒಳ್ಳೆಯ ಪ್ರತಿ ನನ್ನಲ್ಲಿದೆ, ಕಳಿಸಿಕೊಡುತ್ತೇನೆ. ಅಂಟಿಸುವಾಗ ಹಿಂಬದಿಯ ತೋಟದಲ್ಲಿರುವ ತಂದೆ ಮರೆಯಾಗದಂತೆ ನೋಡಿಕೊಳ್ಳಿ.